ನೀಲಾನ ಕಣ್ಣಿ

"ಮಾರಿ ತೊಳೀಬ್ಯಾಡ ಅಂತ ನಿನ್ನೆಯಿಂದ ಬಡಕೊಳ್ಳಾಕತ್ತೀನಿ. ಕಿವಿ ಏನ್ ಒತ್ತಿ ಇಟ್ಟು ಬಂದೀಯೇನ, ಬೋಸಡಿ?"

ನಂದೀಶ ಬಚ್ಚಲ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಒಳಗೆ ದೇವವ್ವ ಮಗಳು ನೀಲಾಳ ತಲೆಗೆ ಎಣ್ಣೆ ಹಚ್ಚಿ, ಎರಡು ಹೆಳಲು ಹೆಣೆದು, ಎರಡಕ್ಕೂ ಒಂದೊಂದು ತುಣುಕು ಮಲ್ಲಿಗೆ ಮುಡಿಸಿ ಆಗಿತ್ತು. ದೊಡ್ಡವರು ಬರುತ್ತಾರೆಂದರೆ ಮಕ್ಕಳಿಗೆ ಎರೆದು, ಒಗೆದ ಅರಿವೆ ತೊಡಿಸಿ ನಿಲ್ಲಿಸಬೇಕೆಂಬುದು ಅವಳು ಹುಟ್ಟಿದಾಗಿನಿಂದ ಕಂಡ ರೀತಿ. ಬೇಡವೆಂದು ಹೇಳಿದ್ದು ಕಿವಿಗೆ ಬಿದ್ದಿತ್ತು, ಖರೆ. ಕೈ ಕೇಳಬೇಕಲ್ಲ.

ಹೋದ ಸಲವೂ ಇದೇ ತಪ್ಪಾಗಿತ್ತು. ಅನುದಾನದ ತಪಾಸಣೆಗೆಂದು ಗದಗಿನಿಂದ ಬಂದ ಕೊಟ್ರೇಶ ಸಾಹೇಬ, ಸಾಲಾಗಿ ಕುಳಿತ ಮಕ್ಕಳ ಮಿಂಚುವ ತಲೆಗಳನ್ನು ನೋಡಿ, "ನಮ್ಮ ಮನಿ ಹುಡುಗರಕಿಂತ ಚೊಲೋ ಅದಾವಲ್ಲೋ. ಇವಕ್ಯಾಕ ಸರಕಾರದ ದುಡ್ಡು?" ಎಂದು ನಕ್ಕು ಕಾರು ಹತ್ತಿದ್ದ. ಆಮೇಲೆ ದುಡ್ಡು ನಿಂತಿತು. ಈ ಸಲ ಮಕ್ಕಳು ಹೊಲಸಾಗಿ ಕಾಣಲೇಬೇಕು ಎಂದು ನಂದೀಶ ಹಟ ಹಿಡಿದಿದ್ದ.

ಅದು ಶಿರಹಟ್ಟಿಯ ಅಂಚಿನಲ್ಲಿದ್ದ, ಬುದ್ಧಿ ಬೆಳೆಯದ ಮಕ್ಕಳ ಹಗಲುಮನೆ. ಬೋರ್ಡಿನ ಮೇಲೆ ಚೆಂದದ ಹೆಸರು ಬರೆಸಿದ್ದರು. ಊರ ಬಾಯಲ್ಲಿ ಅದು ಹುಚ್ಚರ ಸಾಲಿ. ನಡೆಸುತ್ತಿದ್ದುದು ಗದಗಿನ ಒಂದು ಸೇವಾ ಸಂಸ್ಥೆ. ನಂದೀಶ ಅಲ್ಲಿಯ ಮೇಲ್ವಿಚಾರಕ. ದೇವವ್ವ ಆಯಾ, ಅಂದರೆ ಉಚ್ಚೆ ಬಳಿಯುವವಳು, ಹೇಲು ತೊಳೆಯುವವಳು. ಬೆಳ್ಳಟ್ಟಿಯ ಮಾದರ ಕೇರಿಯಿಂದ ದಿನಾ ಟಂಟಂ ಹತ್ತಿ ಮಗಳನ್ನೂ ಕರೆದುಕೊಂಡು ಬರುತ್ತಿದ್ದಳು.

ನಂದೀಶ ಒಳಗೆ ನುಗ್ಗಿ ಮಲ್ಲಿಗೆ ಕಿತ್ತು ಬಚ್ಚಲ ಮೋರಿಗೆ ಎಸೆದ.

"ಹೆಳಲ ಬಿಚ್ಚು. ಮಣ್ಣಾಗ ಹೊಳ್ಳಾಡಾಕ ಬಿಡು. ಉಚ್ಚಿ ಹೊಯ್ಕೊಂಡ್ರ ಅರಿವಿ ಬದಲಿ ಮಾಡಬ್ಯಾಡ. ಸಾಹೇಬನ ಮೂಗಿಗೆ ಬಡೀಲಿ."

"ಹುಡುಗಿ ದೊಡ್ಡಾಕಿ ಆಗ್ಯಾಳ್ರಿ ಸರ್. ಹಸೀ ಅರಿವ್ಯಾಗ ಗಂಡಸರ ಮುಂದ ಹೆಂಗ ಕುಂಡ್ರಸ್ಲಿ?"

"ಸಾಲಿ ಬಂದ್ ಆಗ್ಲೇನು? ಮತ್ತ ಕಣ್ಣಿ ಹಾಕಿ ಕಟ್ಟತೀ ಏನು? ಹೇಳು."

ದೇವವ್ವ ಒಲೆಯಿಂದ ಒಂದು ಹಿಡಿ ಬೂದಿ ತೆಗೆದು ಮಗಳ ಗಲ್ಲಕ್ಕೆ ಒರೆಸಿದಳು. ನೀಲಾ ಆಟವೆಂದುಕೊಂಡಳು. ಕಿಲಕಿಲ ನಕ್ಕು, ತಾನೂ ಬೂದಿ ತೆಗೆದು ತಾಯಿಯ ಗಲ್ಲಕ್ಕೆ ಒರೆಸಿದಳು.

ಕಣ್ಣಿಯ ಮಾತು ಎತ್ತಿದರೆ ದೇವವ್ವ ಸುಮ್ಮನಾಗುತ್ತಾಳೆಂದು ನಂದೀಶನಿಗೆ ಗೊತ್ತು. ಅವಳ ಗಂಡ ತಿರಕಪ್ಪ ಗೌಡರ ಮನೆಯಲ್ಲಿ ಜೀತವಿದ್ದು ಸತ್ತ ಮೇಲೆ ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಕೂಲಿಗೆ ಹೋಗದಿದ್ದರೆ ಒಲೆ ಹತ್ತುತ್ತಿರಲಿಲ್ಲ. ಮಗಳನ್ನು ಬಿಟ್ಟು ಹೋದರೆ ಬಾವಿ ಯಾವುದು, ಬೆಂಕಿ ಯಾವುದು, ಬಸ್ಸು ಯಾವುದು ಎಂದು ಅದಕ್ಕೆ ತಿಳಿಯದು. ಅದಕ್ಕೆ ಕರು ಕಟ್ಟುವ ಕಣ್ಣಿಯನ್ನು ಅದರ ಕಾಲಿಗೆ ಹಾಕಿ ಮನೆಯ ಕಂಬಕ್ಕೆ ಬಿಗಿದು ಹೋಗುತ್ತಿದ್ದಳು. ತಿರಕಪ್ಪ ಹೋರಿಗೆ ಹಾಕುತ್ತಿದ್ದ ಗಂಟು ಅದು, ಎಳೆದಷ್ಟೂ ಬಿಗಿಯುತ್ತದೆ. ಸಂಜೆ ಬಂದು ನೋಡಿದರೆ ಜೊಲ್ಲಿಗೆ ಇರುವೆ ಮುತ್ತಿರುತ್ತಿದ್ದವು, ರೊಟ್ಟಿ ನಾಯಿಯ ಪಾಲಾಗಿರುತ್ತಿತ್ತು. ಹಡೆದ ಹೊಟ್ಟೆಗೆ ಬೆಂಕಿ ಹಾಕ, ಮತ್ತೆ ಮರುದಿನ ಕಟ್ಟುತ್ತಿದ್ದಳು.

ಆ ಕಣ್ಣಿ ಬಿಚ್ಚಿದವನು ಇದೇ ನಂದೀಶ. ಕೇರಿಗೆ ಬಂದು ನೀಲಾಳ ಕಾಲು ನೋಡಿ ಅತ್ತಿದ್ದ, ಸುಳ್ಳಲ್ಲ. "ಇದು ಯಾರೋ ಹಾಕೋ ಭಿಕ್ಷಾ ಅಲ್ಲ ಯವ್ವಾ, ನಿನ್ನ ಮಗಳ ಹಕ್ಕು" ಎಂದಿದ್ದ. ಹಕ್ಕು ಎಂಬ ಮಾತನ್ನು ದೇವವ್ವ ಕಲಿತದ್ದು ಅವನಿಂದಲೇ.

ಕೊಟ್ರೇಶ ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದೇ ಒಳಗೆ ಬಂದು ಕುರ್ಚಿಯಲ್ಲಿ ಕುಳಿತ. ಮಕ್ಕಳು ಮಣ್ಣಲ್ಲಿ ಕುಳಿತಿದ್ದವು, ನೊಣ ಮುತ್ತಿದ್ದವು. ನಂದೀಶ ಕಣ್ಣಲ್ಲೇ ದೇವವ್ವನಿಗೆ ಸುಮ್ಮನಿರಲು ಸನ್ನೆ ಮಾಡಿದ. ಎಲ್ಲ ಅವನೆಣಿಸಿದಂತೆಯೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ನೀಲಾ ಎದ್ದಳು.

ಈ ಸಾಲಿಯಲ್ಲಿ ಅವಳು ಕಲಿತ ವಿದ್ಯೆ ಒಂದೇ: ತುಂಬಿದ ಲೋಟವನ್ನು ಚೆಲ್ಲದೆ ಹಿಡಿದುಕೊಂಡು ಹೋಗಿ ಬಂದವರ ಕೈಗೆ ಕೊಡುವುದು. ಅದನ್ನು ಕಲಿಸಲು ವರ್ಷಗಳೇ ಹಿಡಿದಿದ್ದವು. ಬೂದಿಯ ಮುಖ, ಹಸೀ ಲಂಗ, ನಾಲಗೆ ಹೊರಗೆ ಚಾಚಿ, ಕಣ್ಣನ್ನು ಲೋಟದ ಮೇಲೇ ನೆಟ್ಟು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ದೇವವ್ವನಿಗೆ ಹೆದರಿಕೆಯಲ್ಲೂ ಎದೆಯುಬ್ಬಿತು.

ಸಾಹೇಬ ಲೋಟ ಇಸಿದುಕೊಂಡ. "ಶ್ಯಾಣ್ಯಾಳಲ್ಲ. ಯಾವೂರು?"

"ಬೆಳ್ಳಟ್ಟಿ ರೀ, ನನ್ನ ಮಗಳು" ಎಂದಳು ದೇವವ್ವ.

"ಬೆಳ್ಳಟ್ಟ್ಯಾಗ ಯಾರ ಪೈಕಿ?"

"ಮಾದರ ಪೈಕಿ ರೀ."

ತುಟಿಯ ತನಕ ಹೋಗಿದ್ದ ಲೋಟ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತು. ಸಾಹೇಬ ಡ್ರೈವರನನ್ನು ಕರೆದು ಕಾರಿನ ಬಾಟಲಿ ತರಿಸಿದ. ಆದರೆ ನೀಲಾಳಿಗೆ ಕಲಿಸಿದ್ದು, ಕುಡಿದ ಮೇಲೆಯೇ ಲೋಟ ತಿರುಗಿ ತರಬೇಕೆಂದು. ಅವಳು ಕಟ್ಟೆಯ ಮೇಲಿನ ಲೋಟ ಎತ್ತಿ ಮತ್ತೆ ಅವನ ಮುಂದೆ ಹಿಡಿದಳು. ಅವನು ಬೇಡವೆಂದು ತಳ್ಳಿದ. ಅವಳು ಮತ್ತೂ ಮುಂದಕ್ಕೆ ಹಿಡಿದಳು. ಸಾಹೇಬ ಕೈ ಬೀಸಿದ, ನೀರು ಅವನ ಪ್ಯಾಂಟಿನ ಮೇಲೇ ಬಿತ್ತು.

"ಥೂ, ಹುಚ್ಚ ಸೂಳಿ!" ಎಂದು ಎದ್ದವನು ನಂದೀಶನ ಕಡೆ ತಿರುಗಿದ. "ನೀರ ಕೊಡಾಕ ಬರ್ತೈತಿ ಅಂದ್ರ ದುಡಿಯಾಕ ಬರ್ತೈತಿ. ಇಂಥಾಕಿಗೆ ಸಾಲಿ ಯಾತರದು? ನಾಕ ಮನಿ ಭಾಂಡೆ ತಿಕ್ಕಾಕ ಹಚ್ಚು, ಸರಕಾರಕ್ಕ ಯಾಕ ಟೋಪಿ ಹಾಕ್ತಿ?"

ಕಾರು ಹೋಯಿತು. ನಂದೀಶ ನೀಲಾಳಿಗೆ ಹೊಡೆಯಲಿಲ್ಲ. ದೇವವ್ವನ ಕೆನ್ನೆಗೆ ಬಾರಿಸಿದ.

ಆಮೇಲೆ ಸಂಸ್ಥೆಗಳೆಲ್ಲ ಒಂದಾದವು. ಮುಂಡರಗಿ, ಲಕ್ಷ್ಮೇಶ್ವರದ ಕಡೆ ಇಂಥ ಮನೆ ನಡೆಸುವವರಿಗೂ ದುಡ್ಡು ಬಂದಿರಲಿಲ್ಲ. ಅನುದಾನ ನ್ಯಾಯವಾಗಿ ಹಂಚಬೇಕು, ಇದು ಮಕ್ಕಳ ಹಕ್ಕು ಎಂದು ಗದಗಿನಲ್ಲಿ ಧರಣಿ ಕೂರುವುದೆಂದಾಯಿತು. ಹಿಂದಿನ ದಿನ ನಂದೀಶ ಕೇರಿಗೆ ಬಂದ. ಹೊಡೆದದ್ದಕ್ಕೆ ತಪ್ಪಾಯಿತೆಂದ. ಹೋಗುವ ಮುಂದೆ ಮೆಲ್ಲಗೆ ಕೇಳಿದ.

"ಆ ಕಣ್ಣಿ ಐತೇನು, ಒಗದೀಯೋ?"

"ಐತಿ. ಯಾಕ್ರಿ?"

"ನಾಳೆ ತಗೊಂಡು ಬಾ. ಪೇಪರಿನವರು ಬರ್ತಾರ. ನೀಲಾನ ಕಾಲಿಗೆ ಹಾಕಿ ತೋರ್ಸೂಣು. ಅದನ್ನ ಕಂಡ್ರ ಕಲ್ಲೂ ಕರಗತೈತಿ."

ಯಾವುದನ್ನು ನೆನೆಸಿಕೊಂಡರೆ ದೇವವ್ವ ನಾಚಿಕೆಯಿಂದ ಸಾಯುತ್ತಿದ್ದಳೋ ಅದನ್ನೇ ಪೇಟೆಗೆ ಹೊತ್ತು ತಾ ಅಂದರೆ? ಆದರೂ ತೊಲೆಯ ಸಂದಿಯಿಂದ ಎಳೆದು ತೆಗೆದಳು. ಸಾಲಿ ಉಳಿಯುವುದಾದರೆ ಇನ್ನೊಂದೇ ಒಂದು ಸಲ.

ಗದಗಿನ ದೊಡ್ಡ ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಅದರ ನೆರಳು ಕುರ್ಚಿಯವರಿಗೆ ಸಾಲುವಷ್ಟೇ ಇತ್ತು. ಮಕ್ಕಳನ್ನು ಮುಂದೆ, ಬಿಸಿಲಿಗೆ ಕೂರಿಸಿದರು. ಬಂದವರಿಗೆ ಮೊದಲು ಅವರೇ ಕಾಣಬೇಕಲ್ಲ. ದೇವವ್ವನ ಪಕ್ಕದಲ್ಲಿ ಶಿರಹಟ್ಟಿಯ ಹಾಜಿರಾಬಿ, ನೆಲಕ್ಕೆ ತಲೆ ಜಜ್ಜಿಕೊಳ್ಳುವ ಮಗ ತಾರೀಖನ ಹಣೆಗೆ ತನ್ನ ಅಂಗೈ ಅಡ್ಡ ಹಿಡಿದುಕೊಂಡು ಕುಳಿತಿದ್ದಳು. ಬೆಳಗಿನಿಂದ ಹಿಡಿದ ಅಂಗೈ ಬಾತಿತ್ತು.

ಶಿರಹಟ್ಟಿಯ ಸಾಲಿ ನಡೆಸುವ ಸಂಸ್ಥೆಯ ಅಧ್ಯಕ್ಷ ಹುಚ್ಚೀರಪ್ಪ ಬಂದ. ಗದಗಿನಲ್ಲಿ ಹತ್ತಿ ವ್ಯಾಪಾರ, ಎರಡಂತಸ್ತಿನ ಸ್ವಂತ ಕಟ್ಟಡ. ಮೈಕು ಹಿಡಿದು, ಈ ಮಕ್ಕಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿದ್ದಂತೆ ಎಂದು ಕಣ್ಣೊರೆಸಿಕೊಂಡು, ಸಾಹೇಬರನ್ನು ಕಂಡು ಬರುತ್ತೇನೆಂದು ಒಳಗೆ ಹೋದ. ಆಗ ಕ್ಯಾಮೆರಾದವರು ಬಂದರು.

ದೇವವ್ವ ಮಗಳ ಕಾಲಿಗೆ ಕಣ್ಣಿ ಹಾಕಿದಳು. ಹಳೆಯ ಕಲೆಯ ಮೇಲೆ ಅದು ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಕುಳಿತಿತು. ನೀಲಾ ಮರೆತಿರಲಿಲ್ಲ. ಕಾಲು ಹಿಂದಕ್ಕೆಳೆದು ಹಂದಿಮರಿಯಂತೆ ಕಿರುಚಿದಳು.

"ಹಾಂ, ಅಳ್ಳಿ, ಅಳ್ಳಿ" ಎಂದ ಕ್ಯಾಮೆರಾದವನು. "ಯವ್ವಾ, ಸ್ವಲ್ಪ ಬಿಗೀ ಎಳಿ. ಹಗ್ಗ ಕಾಣವಲ್ದು."

ದೇವವ್ವ ನಂದೀಶನ ಮುಖ ನೋಡಿದಳು. ಅವನು ಆಚೆ ನೋಡುತ್ತ, "ಎಳಿ" ಎಂದ. ಅವಳು ಎಳೆದಳು.

ಆಮೇಲೆ ಒಳಗಿನಿಂದ ಕರೆ ಬಂತು. ನಂದೀಶ, ಸಾಹೇಬನಿಗೆ ತೋರಿಸಲೆಂದು ನೀಲಾಳನ್ನೂ ದೇವವ್ವನನ್ನೂ ಕರೆದುಕೊಂಡು ಹೋದ. ಕಣ್ಣಿ ಕಾಲಲ್ಲೇ ಇತ್ತು, ಇನ್ನೊಂದು ತುದಿ ದೇವವ್ವನ ಕೈಯಲ್ಲಿ.

ಒಳಗೆ ಫ್ಯಾನು ತಿರುಗುತ್ತಿತ್ತು. ದಪ್ಪ ಸಾಗವಾನಿ ಟೇಬಲ್ಲಿನ ಆಚೆ ಕೊಟ್ರೇಶ ಸಾಹೇಬ, ಈಚೆ ಹುಚ್ಚೀರಪ್ಪ, ನಡುವೆ ಚಹಾ ಮತ್ತು ಗಿರಮಿಟ್ಟು. ಮಾತು ಮುಗಿದಿತ್ತು.

"ಬಾ ನಂದೀಶ, ಸಿಹಿ ಸುದ್ದಿ ಐತಿ" ಎಂದ ಹುಚ್ಚೀರಪ್ಪ. "ಅನುದಾನ ಬರ್ತೈತಿ. ಇಲ್ಲೇ ಗದಗಿನ್ಯಾಗ, ನಮ್ಮ ಬಿಲ್ಡಿಂಗಿನ್ಯಾಗ, ತರಬೇತಿ ಕೇಂದ್ರ ತಗಿಯೂದು. ಇಂಥಾ ಮಕ್ಕಳನ್ನ ಹೆಂಗ ನೋಡಿಕೊಳ್ಳಬೇಕು ಅಂತ ಮಂದಿಗೆ ಹೇಳಿಕೊಡೂದು. ನೀನ ಅದರ ಮುಖ್ಯಸ್ಥ."

"ಶಿರಹಟ್ಟೀದು, ಸರ್?"

"ಅದನ್ನ ಬಂದ್ ಮಾಡೂದು. ಎರಡೂ ನಡಸಾಕ ಆಗೂದಿಲ್ಲ."

"ಹುಡುಗರು?"

"ಮನಿಯಾಗ ಇರ್ತಾವ" ಎಂದ ಕೊಟ್ರೇಶ ಸಾಹೇಬ, ಗಿರಮಿಟ್ಟು ಅಗಿಯುತ್ತ. "ತಾಯಿಗೋಳು ಮತ್ತೇನ್ ಕಿಸ್ಯಾಕ ಅದಾರ? ಹಡದಾರ, ನೋಡಿಕೊಳ್ಳಿ. ಕಟ್ಟಿ ಹಾಕಿ ರೂಢೀನೂ ಐತೆಲ್ಲ ಇಕಿಗೆ."

ನಂದೀಶ ಏನೋ ಹೇಳಲು ಬಾಯಿ ತೆರೆದ. ದೇವವ್ವ ಕಾದಳು. ಹಕ್ಕು ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ಕಾದಳು. ಅವನು "ಆತ್ರಿ" ಎಂದ.

ದೇವವ್ವ ನೆಲಕ್ಕೆ ಕುಳಿತಳು. ಕಾಲು ಹಿಡಿಯಲು ಬಂದಳೆಂದು ಸಾಹೇಬ ಪಾದ ಹಿಂದಕ್ಕೆ ತೆಗೆದುಕೊಂಡ. ಅವಳು ಟೇಬಲ್ಲಿನ ಕಾಲಿಗೆ ಕಣ್ಣಿ ಸುತ್ತಿ, ತಿರಕಪ್ಪನ ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿ ಎದ್ದಳು.

"ಏ, ಏನ ಮಾಡಾಕತ್ತಿ?"

"ಕಟ್ಟೀನ್ರಿ. ನಮ್ಮ ಮನಿ ಕಂಬಕ್ಕ ಗೆದ್ದಲ ಹತ್ತೈತಿ. ಇದು ಗಟ್ಟಿ ಐತಿ." ಅವಳ ದನಿ ಏರಲಿಲ್ಲ. "ಉಚ್ಚಿ ಬಂದ್ರ ತೊಡಿ ಬಡಕೋತಾಳ, ಜಲ್ದಿ ಕರಕೊಂಡು ಹೋಗ್ರಿ. ರೊಟ್ಟಿ ಹಾಲಾಗ ನೆನಿಹಾಕಿ ಸಣ್ಣ ತುತ್ತ ಮಾಡ್ರಿ, ಇಲ್ಲಂದ್ರ ಗಂಟಲಾಗ ಸಿಕ್ಕೋತೈತಿ. ಮುಟ್ಟಾದಾಗ ತನಗ ತಿಳಿಯೂದಿಲ್ಲ, ನೀವ ನೋಡಬೇಕು. ನಾ ಮೆಣಸಿನಕಾಯಿ ಬಿಡಸಾಕ ಹೊಂಟೇನಿ."

"ಮಲ್ಲು! ಬಿಚ್ಚೋ ಇದನ್ನ! ಎಳದು ಹೊರಗ ಹಾಕು ಈ ರಂಡೀನ್ನ!"

ಸಿಪಾಯಿ ಮಲ್ಲು ಟೇಬಲ್ಲಿನ ಕೆಳಗೆ ತೂರಿ ಗಂಟಿಗೆ ಕೈ ಹಾಕಿದ. ಅವನ ಕೈ ಕಂಡು ನೀಲಾ ಹೆದರಿ ಕಾಲು ಜಗ್ಗಿದಳು. ಗಂಟು ಇನ್ನಷ್ಟು ಬಿಗಿಯಿತು. "ಬರವಲ್ದ್ರಿ ಸಾಹೇಬ್ರ, ಕಾಲ ಕೊಯ್ಯಾಕತ್ತೈತಿ" ಎಂದ ಮಲ್ಲು ಕೆಳಗಿನಿಂದಲೇ.

ದೇವವ್ವ ಬಾಗಿಲಿಗೆ ಹೋಗಿ ಒಂದು ಸಲ ತಿರುಗಿದಳು. ಟೇಬಲ್ಲಿನ ಮೇಲೆ ಸಾಹೇಬನ ನೀರಿನ ಗ್ಲಾಸು ಇತ್ತು. ನೀಲಾ ಅಳುತ್ತಲೇ ಅದನ್ನು ಎರಡೂ ಕೈಯಿಂದ ಎತ್ತಿ, ಒಂದು ಹನಿ ಚೆಲ್ಲದೆ, ಅವನ ಮುಂದೆ ಹಿಡಿದಿದ್ದಳು.

"ಯವ್ವಾ ದೇವವ್ವಾ, ನಿಂದ್ರ" ಎಂದು ನಂದೀಶ ಹಿಂದೆ ಓಡಿಬಂದ. ಅವಳು ನಿಲ್ಲಲಿಲ್ಲ. ನೀಲಾ ಕೂಗಿದ್ದು ಮೆಟ್ಟಿಲ ತನಕ ಕೇಳಿಸಿತು. ದೇವವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಇಳಿದಳು.

ಹೊರಗೆ ಬಿಸಿಲಲ್ಲಿ ಹಾಜಿರಾಬಿ ತಲೆ ಎತ್ತಿ ಅವಳ ಬರಿಗೈ ನೋಡಿದಳು.

"ನೀಲಾ ಎಲ್ಲಿ?"

"ಸಾಹೇಬನ ಟೇಬಲ್ಲಿಗೆ ಕಟ್ಟಿ ಬಂದೆ. ಸಾಲಿ ಬಂದ್ ಅಂತ. ಮನ್ಯಾಗ ಕಟ್ಟಿ ಹಾಕ್ರಿ ಅಂದ್ರು."

ಹಾಜಿರಾಬಿ ಬಾತ ಅಂಗೈಯನ್ನು ಒಮ್ಮೆ, ಕಚೇರಿಯ ಬಾಗಿಲನ್ನು ಒಮ್ಮೆ ನೋಡಿದಳು. ತಾರೀಖನನ್ನು ಬಗಲಿಗೆ ಎಳೆದುಕೊಂಡು ಎದ್ದಳು. ಶಾಮಿಯಾನದ ಗೂಟದ ಬಳಿ ಕುಕ್ಕರುಗಾಲಲ್ಲಿ ಕುಳಿತು, ಹಲ್ಲಿನಿಂದ ಗಂಟು ಕಚ್ಚಿ, ಅದರ ಹಗ್ಗ ಬಿಚ್ಚತೊಡಗಿದಳು.

ಕುರ್ಚಿಯವರ ತಲೆಯ ಮೇಲೆ ಬಟ್ಟೆ ಒಂದು ಕಡೆಯಿಂದ ಇಳಿಯುತ್ತಿತ್ತು. ಲಕ್ಷ್ಮೇಶ್ವರದ ಹೆಂಗಸೊಬ್ಬಳು ತನ್ನ ಮಗನ ಕೈ ಹಿಡಿದು ಮುಂದಿನ ಗೂಟದತ್ತ ನಡೆದಳು.