ಎದೆಯ ಮೇಲಿನ ಸವತಿ

ಮುಂಡರಗಿಯ ಕಾಳಿನ ವ್ಯಾಪಾರಿ ಕೊಟ್ರೇಶ, ಹೆಂಡತಿ ಅಮೃತವ್ವನನ್ನು ಬಿಟ್ಟರೆ ಬೇರೆಯವರ ಕೈಯಿಂದ ಒಂದು ತುತ್ತು ತಿಂದವನಲ್ಲ. ಹೊಲಸಿನ ಗೀಳು. ಕೈ ತೊಳೆದು ತೊಳೆದು ಚರ್ಮ ಸುಲಿಯುತ್ತಿತ್ತು. ತಾಟನ್ನು ಅವಳು ಅವನ ಕಣ್ಣೆದುರೇ ತೊಳೆಯಬೇಕು, ತೊಳೆದಿದ್ದೇನೆ ಎಂದು ಮತ್ತೆ ಮತ್ತೆ ಹೇಳಬೇಕು. ಬಂಧುಗಳು ಅಯ್ಯೋ ಅಂದರೂ ಅಮೃತವ್ವನಿಗೆ ಒಳಗೊಳಗೆ ಹೆಮ್ಮೆಯಿತ್ತು. ಅವನ ಹುಬ್ಬು ಗಂಟಾಗುವ ಮೊದಲೇ ಅವಳಿಗೆ ತಿಳಿಯುತ್ತಿತ್ತು.

ಗೀಳು ಯಾವ ಮಾತ್ರೆಗೂ ಬಗ್ಗದಾಗ ಬೆಂಗಳೂರಿನ ಆಸ್ಪತ್ರೆಯೊಂದು ತನ್ನ ಸಂಶೋಧನೆಗೆ ಅವನನ್ನು ಸೇರಿಸಿಕೊಂಡಿತು. ಮಿದುಳಿನೊಳಗೆ ಸಣ್ಣ ತಂತಿ, ಎದೆಯ ಚರ್ಮದಡಿ ಬ್ಯಾಟರಿ. ಗೀಳು ಏಳುವ ಸುಳಿವನ್ನು ಅದೇ ಹಿಡಿದು, ಬೇಕಾದಷ್ಟೇ ಕರೆಂಟು ಬಿಡುತ್ತದೆ ಎಂದರು ಡಾಕ್ಟರು. ಆ ಕೆಲಸ ಇಷ್ಟು ದಿನ ತನ್ನದಾಗಿತ್ತಲ್ಲ ಎಂದುಕೊಂಡಳು ಅಮೃತವ್ವ. ಅಂಗಿಯಡಿ ಉಬ್ಬಿದ ಬ್ಯಾಟರಿಯನ್ನು ಸವತಿಯನ್ನು ನೋಡಿದಂತೆ ನೋಡತೊಡಗಿದಳು.

ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಊಟಕ್ಕೆ ಕೂತರು. ಎಷ್ಟೋ ವರ್ಷಗಳ ಮೇಲೆ ಕೊಟ್ರೇಶನೂ ಬಂದಿದ್ದ. ಅವನ ತಮ್ಮನ ಹೆಂಡತಿ ಸುಶ್ಮಿತಾ, ಕಡಲೆ ಗಿಡ ಕಿತ್ತು ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡವಳೇ ಸಜ್ಜಿ ರೊಟ್ಟಿ ಮುರಿದು ಕೊಟ್ಟಳು. ಅವನು ತೆಗೆದುಕೊಂಡ. ಎಲ್ಲರ ಮುಖ ಅರಳಿತು. ಬಡಿಸಲು ನಿಂತಿದ್ದ ಅಮೃತವ್ವನದೊಂದು ಬಿಟ್ಟು.

"ಆಕಿ ಕೈ ತೊಳಕೊಂಡಾಳೋ ಇಲ್ಲೋ, ನೋಡಿದ್ರೇನ್ರಿ?" ಎಂದಳು ಮೆಲ್ಲಗೆ.

ಬಾಯಿಗೆ ಹೋಗುತ್ತಿದ್ದ ರೊಟ್ಟಿ ನಿಂತಿತು. ಹುಬ್ಬು ಗಂಟಾಯಿತು. ಸುಶ್ಮಿತಾಳ ಮುಖ ಸಪ್ಪಗಾಯಿತು. ಈಗ ತನ್ನ ಕಡೆ ತಿರುಗುತ್ತಾನೆ, ನೀನೇ ಕೊಡು ಅನ್ನುತ್ತಾನೆ ಎಂದು ಅಮೃತವ್ವ ಕಾದಳು. ಅವಳ ಕೈ ಆಗಲೇ ನೀರಿನ ಚರಿಗೆಯ ಮೇಲಿತ್ತು.

ಹುಬ್ಬು ತಾನಾಗಿ ಸಡಿಲಾಯಿತು.

"ತೊಳಕೊಂಡಿಲ್ಲ. ನಾನೂ ನೋಡೇನಿ," ಎಂದು ಕೊಟ್ರೇಶ ರೊಟ್ಟಿ ಕಚ್ಚಿದ. ಅಗಿಯುತ್ತ ಅವಳನ್ನು ನೋಡಿದ. "ಲಗ್ನಾದಾಗಿಂದ ನೀ ನನ್ನ ಜೋಡಿ ಕುಂತು ಉಂಡೇ ಇಲ್ಲಲ್ಲ. ಕುಂಡ್ರು ಬಾ."

ಹೇಳಿದ್ದು ಗಂಡನೋ ಆ ಬ್ಯಾಟರಿಯೋ, ಅವಳಿಗೆ ತಿಳಿಯಲಿಲ್ಲ. ಚರಿಗೆ ಬಿಟ್ಟು ಅವನ ಮಗ್ಗುಲಿಗೆ ಕರಿಮಣ್ಣಿನ ಮೇಲೆ ಕೂತಳು. ಸುಶ್ಮಿತಾ ಅವಳ ತಾಟಿಗೆ ಪುಂಡಿಪಲ್ಲೆ ಬಡಿಸಿದಳು.

"ಖಾರ ಕಮ್ಮಿ ಹಾಕೀದಿ," ಎಂದಳು ಅಮೃತವ್ವ.

"ಹಂಗಿದ್ರ ಬಿಡಕ್ಕಾ, ಬಾವಾರಿಗೆ ನೀಡ್ತೇನಿ."

ಅಮೃತವ್ವ ತಾಟನ್ನು ತನ್ನತ್ತ ಎಳೆದುಕೊಂಡಳು.