ಉಳಿದರ್ಧ ವಾದ

ಖಾಸಗಿ ವಿಶ್ವವಿದ್ಯಾಲಯ ಅಂತ ಹೆಸರೇನೋ ದೊಡ್ಡದು, ಶುರುವಿನಲ್ಲಿ ಕೂರೋಕೆ ಒಂದು ಬೆಂಚಿರಲಿಲ್ಲ! ಅರ್ಥಶಾಸ್ತ್ರ ವಿಭಾಗ ಕಣ್ಣು ಬಿಟ್ಟದ್ದೇ ಹಳೇ ಸೋಪಿನ ಕಾರ್ಖಾನೆಯ ಗೋದಾಮಿನಲ್ಲಿ. ಈಗ ಅದರ ಮುಖ್ಯಸ್ಥೆಯಾಗಿರುವ ಮೇಡಂ ಆಗ ಮೊದಲ ತಂಡದ ವಿದ್ಯಾರ್ಥಿನಿ. ಸೋಪಿನ ಪೆಟ್ಟಿಗೆ ಮೇಲೆ ಕೂತು ಪಾಠ ಕೇಳಿದವರು. ಗೋಡೆಯಿಂದ ಬರುತ್ತಿದ್ದ ಸೋಪಿನ ವಾಸನೆ ಇವತ್ತಿಗೂ ಅವರ ಮೂಗಿನಲ್ಲೇ ಇದೆ.

ವಿಭಾಗ ಕಟ್ಟಿದ ಹಿರಿಯ ಮೇಷ್ಟ್ರದು ಒಂದೇ ಹಟ. "ಮೊದಲು ಎದುರಿನವನ ವಾದ ಅವನಿಗಿಂತ ಚೆನ್ನಾಗಿ ಹೇಳು. ನಿನ್ನದು ಆಮೇಲೆ." ಒಮ್ಮೆ ಫ್ಯಾನು ತರೋದೋ ಕಪಾಟು ತರೋದೋ ಅಂತ ಜಗಳ ಬಿತ್ತು. ಫ್ಯಾನು ಬೇಕೆಂದವರು ಬೆವರು ಒರೆಸಿಕೊಳ್ಳುತ್ತಲೇ ಕಪಾಟನ್ನು ಹೊಗಳಿದ್ದೇ ಹೊಗಳಿದ್ದು! ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಎಂಥಾ ದಿನಗಳಪ್ಪಾ ಅವು.

ಮೇಷ್ಟ್ರು ತೀರಿಕೊಂಡ ಮೇಲೆ ಮೇಡಂ ಆ ಪದ್ಧತಿಯನ್ನು ಜೀವದಂತೆ ಕಾಪಾಡಿಕೊಂಡು ಬಂದರು. ಅವರ ಶಿಷ್ಯರಲ್ಲಿ ಒಬ್ಬನಿಗೆ ತೂಕಡಿಕೆ ಅಂತಲೇ ಅಡ್ಡಹೆಸರು. ಪಾಠದಲ್ಲಿ ನಿದ್ದೆ, ವಾದಕ್ಕೆ ನಿಂತರೆ ಬೆಂಕಿ. ಮೇಡಂಗೆ ಅವನೆಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗನಷ್ಟೇ ಪ್ರೀತಿ. ಈಗ ಅವನು ವಿಶ್ವವಿದ್ಯಾಲಯ ನಡೆಸುವ ಟ್ರಸ್ಟಿನ ಕಾರ್ಯದರ್ಶಿ.

ವಿದ್ಯಾರ್ಥಿಗಳು ಕಡಿಮೆಯಾದರು, ವಿಭಾಗ ಮುಚ್ಚೋಣ ಅಂತ ಟ್ರಸ್ಟು ಸಭೆ ಕರೆಯಿತು. ಉಳಿಸಿಕೊಳ್ಳಲು ಮೇಡಂಗೆ ಅದೊಂದೇ ಅವಕಾಶ. ನಮ್ಮ ಹುಡುಗ ಇದ್ದಾನಲ್ಲ ಅಂತ ಧೈರ್ಯ ತಂದುಕೊಂಡು ಎದ್ದು ನಿಂತರು.

ಅಭ್ಯಾಸಬಲ ನೋಡಿ! ಮುಚ್ಚಬೇಕು ಅನ್ನುವವರ ಕಡೆಯಿಂದಲೇ ಶುರು ಮಾಡಿದರು. ಅವರಿಗೇ ಹೊಳೆಯದ ಕಾರಣಗಳನ್ನೆಲ್ಲ ಒಂದೊಂದಾಗಿ ಬಿಡಿಸಿಟ್ಟರು. ಅಧ್ಯಕ್ಷರ ಮುಖ ಅರಳಿತು. ಮೇಡಂ ಒಂದು ಗುಟುಕು ನೀರು ಕುಡಿಯಲು ನಿಲ್ಲಿಸಿದ್ದೇ ತಡ, "ಮೇಡಮ್ಮೇ ಒಪ್ಪಿದ ಮೇಲೆ ಇನ್ನೇನಿದೆ? ಮುಚ್ಚೋದೇ ಸರಿ" ಅಂತ ಅಧ್ಯಕ್ಷರು ಹೇಳಿಬಿಟ್ಟರು.

"ಅಯ್ಯೋ, ತಾಳಿ! ನನ್ನ ಮಾತು ಇನ್ನೂ ಶುರುವೇ ಆಗಿಲ್ಲ!"

"ಬರೆದು ಕಳಿಸಿ ಮೇಡಂ, ಊಟದ ಹೊತ್ತಾಯ್ತು."

ಮೇಡಂ ಶಿಷ್ಯನ ಕಡೆ ನೋಡಿದರು. ಇಡೀ ಕೋಣೆಯಲ್ಲಿ ಆ ಪದ್ಧತಿ ಗೊತ್ತಿದ್ದವನು ಅವನೊಬ್ಬನೇ. ಎಲ್ಲರಿಗಿಂತ ಮೊದಲು ಕುರ್ಚಿ ಸರಿಸಿ ಎದ್ದವನೂ ಅವನೇ.

ಮೊಗಸಾಲೆಯಲ್ಲಿ ಅವನನ್ನು ತಡೆದು ನಿಲ್ಲಿಸಿದರು. "ಉಳಿದರ್ಧ ಇದೆ ಅಂತ ನಿನಗೆ ಗೊತ್ತಿತ್ತಲ್ಲೋ?"

"ಗೊತ್ತಿತ್ತು ಮೇಡಂ."

"ಮತ್ತೆ ಯಾಕೋ ಹೀಗೆ ಮಾಡಿದೆ?"

ಅವನು ತಲೆ ತಗ್ಗಿಸಿದ. "ಅದನ್ನೂ ಕೇಳಿಸಿಕೊಂಡಿದ್ದರೆ ನಿಮ್ಮ ಪರವಾಗಿ ಕೈ ಎತ್ತದೆ ಇರೋಕೆ ಆಗ್ತಿರಲಿಲ್ಲ. ಎತ್ತಿದ್ದರೆ ನನ್ನ ಕೆಲಸ ಹೋಗ್ತಿತ್ತು. ಅದಕ್ಕೇ ಎದ್ದುಬಿಟ್ಟೆ."

ಮೇಡಂಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಹಾಳಾದ್ದು, ಮಾತು ಮುಗಿಸಿದ್ದರೆ ತಾವೇ ಗೆಲ್ಲುತ್ತಿದ್ದರೆಂದು ಇವನು ಈಗಲೂ ನಂಬಿದ್ದಾನಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಆಯಿತು. ಅವನ ಕಣ್ಣು ತುಂಬಿದ್ದು ನೋಡಲಾರದೆ ಮುಖ ತಿರುಗಿಸಿದರು.

"ಹೋಗೋ," ಅಂದರು, "ಊಟ ಆರಿಹೋಗುತ್ತೆ."