ಲೂರ್ದಮ್ಮ ದಿನವನ್ನು ತಿರುಗಿ ನೋಡಿದ್ದು

ವಳಕಮದಿನ್ನಿಯ ಲೂರ್ದಮ್ಮನಿಗೆ ಒಂದು ಗುಣವಿತ್ತು. ಯಾರ ಸಾಲಿನಲ್ಲಿ ಸಸಿ ತೇಲಿದೆ, ಯಾರ ಸಾಲು ಸೊಟ್ಟಗಾಗಿದೆ ಎಂಬುದು ಬದುವಿನ ಮೇಲೆ ನಿಂತ ಕೂಡಲೇ ಅವಳ ಕಣ್ಣಿಗೆ ಬೀಳುತ್ತಿತ್ತು. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ. ಗದ್ದೆಯಲ್ಲಿ ಆ ಕಣ್ಣು ಅನ್ನ ಹಾಕುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸಂಜೆ ಕಾಲುವೆಯಲ್ಲಿ ಕೈಕಾಲಿನ ಕೆಸರು ತೊಳೆಯುವಾಗ ಅದನ್ನೂ ಒಂದಿಷ್ಟು ತೊಳೆದುಕೊಂಡು ಬರಬೇಕಲ್ಲ, ಅದನ್ನು ಮಾತ್ರ ಅವಳು ಮಾಡುತ್ತಿರಲಿಲ್ಲ.

ಮನೆಯಲ್ಲಿ ಆ ಕಣ್ಣಿಗೆ ಸಿಕ್ಕವಳು ನೆಗೆಣ್ಣಿ ಅಮರೇಶ್ವರಿ, ಅಂದರೆ ಮೈದುನನ ಹೆಂಡತಿ. ಲಿಂಗಸುಗೂರು ಕಡೆಯವಳು. ಮದುವೆಗೆ ಮುಂಚೆ ದೀಕ್ಷಾಸ್ನಾನ ಕೊಟ್ಟು ರೋಸಮ್ಮ ಎಂದು ಹೆಸರಿಟ್ಟರು, ಹಾಗೆ ಕರೆಯುವವರು ಫಾದರ್ ಒಬ್ಬರೇ. ಹೋದ ವರ್ಷ ಅತ್ತೆ ಅಂತೋಣಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಂದಿನಿಂದ ಅಮರೇಶ್ವರಿ ಕೂಲಿ ಬಿಟ್ಟು ಅತ್ತೆಯ ಹಾಸಿಗೆಯ ಪಕ್ಕ ಕೂತಳು. ಗದ್ದೆ, ನೀರು, ಎಮ್ಮೆ, ರೊಟ್ಟಿ ಎಲ್ಲ ಲೂರ್ದಮ್ಮನ ತಲೆಗೆ ಬಂತು.

ಅವಳ ಹೊಟ್ಟೆ ಉರಿಯುತ್ತಿದ್ದದ್ದು ಸಂಜೆ ಹೊತ್ತು. ತಾನು ದಣಿದು ಬಂದು ಹೊಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಅತ್ತ ಅಮರೇಶ್ವರಿ ಗಂಜಿಯ ಬಟ್ಟಲು ಹಿಡಿದು ಆರಾಮಾಗಿ ಕೂತಿರುತ್ತಿದ್ದಳು. ಒಂದು ಬಟ್ಟಲು ಗಂಜಿ ಕುಡಿಸಲು ಒಂದು ತಾಸು ಬೇಕೇ? ಇದು ಕೆಲಸಗಳ್ಳತನ ಅಲ್ಲದೆ ಮತ್ತೇನು? ಹೀಗೆ ಉರಿದು ಉರಿದು ಕೊನೆಗೆ ಮನೆ ಬೇರೆ ಮಾಡುವುದೆಂದು ಲೂರ್ದಮ್ಮ ತೀರ್ಮಾನಿಸಿದಳು. ಅತ್ತೆ ಕಿರಿಮಗನ ಪಾಲಿಗೆ, ತಾವು ಬೇರೆ. ಗಂಡ ಇನ್ಯಾಸಪ್ಪ ಹೂಂ ಅಂದ. ಅವನು ಯಾವುದಕ್ಕೆ ಹೂಂ ಅಂದಿಲ್ಲ?

ತಿಂಗಳಿಗೊಮ್ಮೆ ಊರಿನ ಚರ್ಚಿಗೆ ಬಲಿಪೂಜೆ ಅರ್ಪಿಸಲು ಬರುವ ಫಾದರ್ ಸಂತ ಇನ್ಯಾಸಿ ಕಟ್ಟಿದ ಯೇಸುಸಭೆಯವರು. ಪೂಜೆ ಮುಗಿದ ಮೇಲೆ ಲೂರ್ದಮ್ಮ ಅವರಿಗೆ ವಿಷಯ ತಿಳಿಸಿದಳು. ಅವರು ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಿನ್ನ ಗಂಡನಿಗೆ ಯಾರ ಹೆಸರಿಟ್ಟಿದ್ದಾರೋ ಆ ಸಂತ ಇನ್ಯಾಸಿ ಹೇಳಿದ ಮಾತೊಂದಿದೆ, ಮನಸ್ಸು ಕದಡಿರುವಾಗ ಇದ್ದದ್ದನ್ನು ಬದಲಾಯಿಸಬಾರದು, ಎಂದರು. ನೀರು ತಿಳಿಯಾಗುವ ತನಕ ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಪ್ರಾರ್ಥನೆ ಮಾಡು ಎಂದು ಕಲಿಸಿದರು. ಮೊದಲು ದೇವರಿಗೆ ಕೃತಜ್ಞತೆ ಹೇಳುವುದು, ಆಮೇಲೆ ಬೆಳಕು ಕೊಡು ಎಂದು ಬೇಡುವುದು. ಬೆಳಿಗ್ಗೆ ಎದ್ದಾಗಿನಿಂದ ದಿನವನ್ನು ತಿರುಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳಿ ನಾಳೆಗೆ ಬಲ ಬೇಡುವುದು. ಇಷ್ಟೇ. ಲೂರ್ದಮ್ಮನಿಗೆ ಇದು ಸುಲಭವೆನಿಸಿತು. ನಾಟಿ ಮಾಡುವವರು ಹಿಂದಕ್ಕೇ ಸರಿಯುತ್ತಾ ಹೋಗುವುದು, ನೆಟ್ಟದ್ದೆಲ್ಲ ಕಣ್ಣ ಮುಂದೇ ಇರುತ್ತದೆ.

ಮುಂದಿನ ತಿಂಗಳು ಫಾದರ್ ಬಂದಾಗ ಅವಳು ಹೆಮ್ಮೆಯಿಂದಲೇ ವರದಿ ಒಪ್ಪಿಸಿದಳು. ಒಂದು ದಿನವೂ ತಪ್ಪಿಸಿಲ್ಲ. ಅಮರೇಶ್ವರಿ ಎಷ್ಟು ಹೊತ್ತು ಕೂತಳು, ನಾಟಿ ಗುಂಪಿನ ಜೈನಾಬಿ ಎಲ್ಲಿ ಸಸಿ ಒತ್ತೊತ್ತಾಗಿ ನೆಟ್ಟಳು, ಇನ್ಯಾಸಪ್ಪ ಬಳಗಾನೂರಿನ ಚಹಾದಂಗಡಿಯಲ್ಲಿ ಎಷ್ಟು ಹೊತ್ತು ಕಳೆದ, ಎಲ್ಲವನ್ನೂ ದಿನಾ ಸಂಜೆ ದೇವರಿಗೆ ಹೇಳಿದ್ದಾಳೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವುದೆಂದರೆ ಇದೇ. ಫಾದರ್ ಕನ್ನಡಕ ತೆಗೆದು ನಕ್ಕು ನೀರು ಬಂದ ಕಣ್ಣು ಒರೆಸಿಕೊಂಡರು.

"ಲೂರ್ದಮ್ಮಾ, ದೇವರ ಮುಂದ ನೀ ಮೇಸ್ತ್ರಿ ಅಲ್ಲ. ನೀನೂ ಒಂದು ಸಾಲು ಹಿಡಿದಾಕಿ. ನಿನ್ನ ಸಾಲಷ್ಟ ನೋಡು," ಎಂದರು.

ಅವಳಿಗೆ ಸಿಟ್ಟು ಬಂತು. ಬರುವ ಭಾನುವಾರ ಪಾಲು ಮಾಡಲು ಹಿರಿಯರಿಗೆ ಹೇಳಿಯಾಗಿತ್ತು, ಇವರು ನೋಡಿದರೆ ನಗುತ್ತಾರೆ. ಒಂದೆರಡು ಸಂಜೆ ಪ್ರಾರ್ಥನೆಗೆ ಕೂರಲೇ ಇಲ್ಲ. ಆಮೇಲೆ, ನೋಡೇಬಿಡೋಣ, ನನ್ನ ಸಾಲಿನಲ್ಲಿ ಏನು ಸಿಗುತ್ತದೆ ಎಂಬ ಹಟದಿಂದ ಕೂತಳು.

ಬೆಳಿಗ್ಗೆ ಎದ್ದದ್ದು, ನಲ್ಲಿ, ಚಹಾ, ಟಂಟಂ ಗಾಡಿ, ಗದ್ದೆ, ಕಾಲುವೆ, ಮನೆಯ ಅಂಗಳ, ಒಲೆ. ಮರುದಿನವೂ ಅದೇ. ಅಂಗಳದ ನಂತರ ಒಲೆ. ಆದರೆ ಆ ಮನೆಯಲ್ಲಿ ಅಂಗಳದಿಂದ ಒಲೆಗೆ ಹೋಗಬೇಕಾದರೆ ಅತ್ತೆಯ ಕೋಣೆಯ ಬಾಗಿಲು ದಾಟಲೇಬೇಕು. ಆ ಬಾಗಿಲು ಅವಳ ನೆನಪಿಗೆ ಬರುತ್ತಲೇ ಇರಲಿಲ್ಲ. ಯಾವ ದಿನವನ್ನು ತಿರುಗಿ ನೋಡಿದರೂ ಸಸಿ ಬಿಟ್ಟುಹೋದದ್ದು ಅದೇ ಜಾಗದಲ್ಲಿ. ಅಲ್ಲಿ ಅವಳು ತಲೆ ತಗ್ಗಿಸಿ ಬಿರಬಿರನೆ ಹೋಗಿಬಿಡುತ್ತಿದ್ದಳು. ಲಕ್ವ ಹೊಡೆದ ಮೇಲೆ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಮದುವೆಯಾಗಿ ಬಂದಾಗ ಅವಳಿಗೆ ಕೆಸರಿನಲ್ಲಿ ಸರಿಯಾಗಿ ನಿಲ್ಲಲೂ ಬರುತ್ತಿರಲಿಲ್ಲ. ಕೈ ಹಿಡಿದು ನಾಟಿ ಕಲಿಸಿದವಳು ಅಂತೋಣಮ್ಮ, ಆಗ ಅವಳೇ ಮೇಸ್ತ್ರಿ. ಅವಳು ಒಂದು ಕೂಗು ಹಾಕಿದರೆ ಕಾಲುವೆಯ ಆಚೆ ದಡಕ್ಕೆ ಕೇಳುತ್ತಿತ್ತು. ಅಂಥ ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಸುವುದನ್ನು ನೋಡಲು ಲೂರ್ದಮ್ಮನಿಗೆ ಭಯ. ಭಯಕ್ಕಿಂತ ಹೆಚ್ಚು ಸಂಕಟ. ತಾಯಿಗಿಂತ ಹೆಚ್ಚಾಗಿ ಪ್ರೀತಿಸಿದ್ದಳು ಆ ಮುದುಕಿಯನ್ನು. ಕೆಲಸ ಕೆಲಸ ಎಂದು ಇಷ್ಟು ದಿನ ಅವಳು ಒಲೆಯ ಹಿಂದೆ ಅಡಗಿ ಕೂತಿದ್ದಳು, ಅಷ್ಟೇ.

ಶನಿವಾರ ಸಂಜೆ ಗದ್ದೆಯಿಂದ ಬಂದವಳು ಆ ಬಾಗಿಲಲ್ಲಿ ನಿಂತಳು. ಒಳಗೆ ಅಮರೇಶ್ವರಿ ಗಂಜಿ ಹಿಡಿದು ಕೂತಿದ್ದಳು. ಅಂತೋಣಮ್ಮನ ಮುಖ ಬಾಗಿಲ ಕಡೆಗೇ ಇತ್ತು. ಲೂರ್ದಮ್ಮ ಒಳಗೆ ಹೋಗಿ ಕೂತು ಬಟ್ಟಲು ತೆಗೆದುಕೊಂಡಳು. ಚಮಚ ತುಟಿಗೆ ಹಿಡಿದದ್ದೇ ತಡ, ಮುದುಕಿ ಬಾಯಿ ತೆರೆದಳು. ಇನ್ನೊಂದು ಚಮಚಕ್ಕೂ ತೆರೆದಳು. ಒಲೆಯ ಮೇಲೆ ಹೆಂಚು ಕಾಯುವಷ್ಟರೊಳಗೆ ಬಟ್ಟಲು ಬರಿದಾಯಿತು.

ಅಮರೇಶ್ವರಿ ನೋಡುತ್ತಲೇ ಇದ್ದಳು. "ಅಕ್ಕಾ, ದಿನಾ ನಿನ್ನ ಹೆಜ್ಜಿ ಸಪ್ಪಳ ಕೇಳಿದ ಕೂಡ್ಲೆ ಅತ್ತಿ ಹಿಂಗ ಬಾಗಿಲ ಕಡೆ ಮಾರಿ ತಿರುವ್ತಾಳ. ನೀ ಮುಂದ ಹೋಗಿಬಿಡ್ತಿದ್ದಿ. ಆಮ್ಯಾಲ ಎಷ್ಟ ರಮಿಸಿದ್ರೂ ಬಾಯಿ ತೆರೀತಿರಲಿಲ್ಲ. ಅದಕ್ಕ ಒಂದು ತಾಸು ಹಿಡೀತಿತ್ತು."

ಮತ್ತೆ ನನಗ್ಯಾಕೆ ಹೇಳಲಿಲ್ಲ ಎಂದು ಲೂರ್ದಮ್ಮ ಕೇಳಿದಳು.

"ನಿನಗ ಹೇಳಾಕ ಹೆದರಿಕಿ ಆಗ್ತಿತ್ತು," ಎಂದು ಅಮರೇಶ್ವರಿ ರೊಟ್ಟಿ ಬಡಿಯಲು ಎದ್ದು ಹೋದಳು.

ಲೂರ್ದಮ್ಮ ಅತ್ತೆಯ ಎದೆಯ ಮೇಲೆ ಹಣೆಯಿಟ್ಟು ಅತ್ತಳು. ಅಂತೋಣಮ್ಮನ ಎಡಗೈ ತಡವರಿಸುತ್ತಾ ಬಂದು ನಾಟಿಯಿಂದ ಒರಟಾದ ಸೊಸೆಯ ಬೆರಳುಗಳನ್ನು ಹಿಡಿದುಕೊಂಡಿತು.

ಅಷ್ಟರಲ್ಲಿ ಇನ್ಯಾಸಪ್ಪ ಬಂದ. ಅಂಗಳದಿಂದಲೇ, ನಾಳೆ ಹಿರಿಯರು ಬರುತ್ತಾರೆ, ಪಾಲಿನ ಬಗ್ಗೆ ಏನು ಹೇಳಲಿ ಎಂದು ಕೇಳಿದ.

ಲೂರ್ದಮ್ಮ ಕೂತಲ್ಲಿಂದಲೇ ಹೇಳಿದಳು. "ಪಾಲು ಮಾಡಿದ್ರ ಅವ್ವನ್ನ ಯಾರ ಕಡೆ ಹಾಕ್ತೀರಿ? ಅಮರೇಶ್ವರಿ ಬಿಟ್ಟು ಕೊಡಂಗಿಲ್ಲ, ನಾನೂ ಬಿಟ್ಟು ಕೊಡಂಗಿಲ್ಲ. ಹಿರೇರು ಚಾ ಕುಡದು ಹೋಗ್ಲಿ."